ವಸ್ತಿ ಬಸ್ಸಿನ ರೊಕ್ಕ ಯಾರು ಕೊಡಬೇಕು?

(ಗಡಿ ತಾಲ್ಲೂಕಿನ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

 

ಗಡಿನಾಡ ಕನ್ನಡಿಗರ ಸಮಸ್ಯೆ ಬಗ್ಗೆ ನಾಲ್ಕು ಮಾತು ಆಡ್ರಿ ಅಂತ ನಮಗೆ ಹೇಳ್ಯಾರ. ಇಂಥ ಸಭೆಗಳಲ್ಲಿ ಸಾಲಿ ಬಗ್ಗೆ, ಪಠ್ಯಪುಸ್ತಕದ ಬಗ್ಗೆ, ಖಾಲಿ ಬಿದ್ದ ಶಿಕ್ಷಕರ ಹುದ್ದೆ ಬಗ್ಗೆ ಮಾತಾಡೂದು ರೂಢಿ. ಅದು ಬೇಕೇ ಬೇಕು. ಆದರೆ ಇವತ್ತು ನಾವು ಬಸ್ಸಿನ ಬಗ್ಗೆ ಮಾತಾಡ್ತೀವಿ. ಅದರಾಗೂ ಬಸ್ಸಿನ ರೊಕ್ಕದ ಬಗ್ಗೆ. ನಾವು ಬ್ಯಾಂಕಿನ ಕೌಂಟರಿನಾಗ ಕೂಡೂ ಮಂದಿ, ಕಲಿತದ್ದು ಬಿ.ಕಾಂ. ಸಾಹಿತ್ಯದ ಮಾತು ನಮಗ ಬರೂದಿಲ್ಲ. ಲೆಕ್ಕದ ಮಾತು ಬರ್ತದ. ಸಾಲಿ ಉಳಿಸಿದರೂ ಸಾಲಿಗೆ ಹೋಗುವ ಬಸ್ಸು ಉಳಿಯದಿದ್ದರೆ ಏನಾಗ್ತದ ಅನ್ನೂದನ್ನು ಲೆಕ್ಕ ಹಾಕಿ ನೋಡೋಣ ಅಂತ ಬಂದೀವಿ.

ಮೊದಲು ಒಂದು ಊರಿನ ಮಾತು. ಊರ ಹೆಸರು ಬೇಡ, ಡಿಪೊದ ಹೆಸರೂ ಬೇಡ, ಯಾಕಂದ್ರ ಇದು ಒಂದೇ ಊರಿನ ಕತೆ ಅಲ್ಲ. ಅಲ್ಲಿಗೆ ರಾತ್ರಿ ಒಂಬತ್ತರ ಸುಮಾರಿಗೆ ಒಂದು ವಸ್ತಿ ಬಸ್ಸು ಬರ್ತಿತ್ತು. ಡ್ರೈವರ್, ಕಂಡಕ್ಟರ್ ಇಬ್ಬರೂ ಗುಡಿ ಕಟ್ಟಿ ಮ್ಯಾಲ ಮಲಗ್ತಿದ್ದರು. ಯಾರದೋ ಮನಿಯಿಂದ ರೊಟ್ಟಿ, ಯಾರದೋ ಮನಿಯಿಂದ ಪಲ್ಯ. ಮುಂಜಾನೆ ಆರಕ್ಕೆ ಹಾರ್ನ್ ಹೊಡೆದರೆ ಹಾಲಿನ ಕ್ಯಾನು, ಕೂಲಿ ಮಂದಿ, ಕಾಲೇಜು ಹುಡುಗರು ಎಲ್ಲಾ ಹತ್ತತಿದ್ದರು. 2020ರ ಲಾಕ್‌ಡೌನಿನಾಗ ಎಲ್ಲ ಕಡೆ ಬಸ್ಸು ನಿಂತವು, ಅದೂ ನಿಂತಿತು. ಲಾಕ್‌ಡೌನ್ ಮುಗೀತು. ವಸ್ತಿ ಬಸ್ಸು ಮಾತ್ರ ಮತ್ತ ಬರಲಿಲ್ಲ.

ಆ ಊರಾಗ ಕನ್ನಡ ಮಾಧ್ಯಮದಾಗ ಹತ್ತನೇ ಇಯತ್ತೆ ಮುಗಿಸಿದ ಒಬ್ಬ ಹುಡುಗಿ ಇದ್ದಳು. ಒಳ್ಳೆ ಅಂಕ ಬಂದಿದ್ದವು. ಕಾಲೇಜಿಗೆ ಹೋಗಬೇಕಂದರೆ ನಸುಕಿನಾಗ ಎದ್ದು ಫಾಟಾದ ತನಕ ನಡಕೊಂಡು ಹೋಗಬೇಕು. ಅಲ್ಲಿ ಕ್ರೂಸರ್ ಸಿಕ್ಕರೆ ಸಿಕ್ಕಿತು, ಇಲ್ಲಂದ್ರ ಇಲ್ಲ. ಸಂಜೆ ತಿರುಗಿ ಬರೂದು ಕತ್ತಲಿನಾಗ. ಅಪ್ಪ ಕೆಟ್ಟ ಮನುಷ್ಯ ಅಲ್ಲ. "ಬಸ್ಸು ಇದ್ದರ ಕಳಸ್ತಿದ್ದೆ" ಅಂದ, ಅಷ್ಟೇ. ಅವಳ ಓದು ಅಲ್ಲಿಗೆ ನಿಂತಿತು. ಯಾವ ಸರಕಾರಿ ಲೆಕ್ಕದಾಗೂ ಇದು ಬರೂದಿಲ್ಲ. ಕಾಲೇಜಿನವರು ಅವಳನ್ನು ನೋಡೇ ಇಲ್ಲ, ಹಂಗಾಗಿ ಓದು ಬಿಟ್ಟವರ ಪಟ್ಟಿಯಾಗ ಅವಳಿಲ್ಲ. ಬಸ್ಸಿನವರಿಗೆ ಅವಳು ಪ್ರಯಾಣಿಕಳೇ ಅಲ್ಲ.

ನಾವು ಕೆಲವರು ಗೆಳೆಯರು ಕೂಡಿ ಡಿಪೊಕ್ಕೆ ಹೋಗಿ ಕೇಳಿದೆವು. ಸಾಹೇಬರು ಚಹಾ ಕೊಟ್ಟು ಕೂಡಿಸಿ ಸಮಾಧಾನದಿಂದ ಹೇಳಿದರು: "ನೋಡ್ರಿ, ಆ ರೂಟು ಲುಕ್ಸಾನದಾಗ ಅದ." ನಾವು ತಲೆ ಹಾಕಿ ಎದ್ದು ಬಂದೆವು. ಲುಕ್ಸಾನ ಅಂದ ಮ್ಯಾಲ ಇನ್ನೇನು ಕೇಳೂದು? ಕಾಮರ್ಸ್ ಓದಿದವರು ನಾವು, ನಮಗೇ ಬಾಯಿ ಬರಲಿಲ್ಲ.

ಮನಿಗೆ ಬಂದ ಮ್ಯಾಲ ನಾಚಿಕೆ ಆಯಿತು. ಬ್ಯಾಂಕಿನಾಗ ಯಾರಾದರೂ ಬಂದು "ನನ್ನ ಧಂದೆ ಲುಕ್ಸಾನದಾಗ ಅದ" ಅಂದರೆ ನಾವು ಹಂಗೇ ಬಿಡ್ತೀವೇನು? ಲೆಕ್ಕ ತೋರಿಸು ಅಂತೀವಿ. ಖರ್ಚು ಯಾವುದು, ಹೆಂಗ ಹಂಚೀದಿ ಅಂತ ಕೇಳ್ತೀವಿ. ಬಸ್ಸಿನ ಲೆಕ್ಕಕ್ಕೂ ಅದೇ ಪ್ರಶ್ನೆ ಕೇಳಬೇಕಾಗಿತ್ತು.

ಬಸ್ಸಿನ ಖರ್ಚಿನಲ್ಲಿ ಎರಡು ಭಾಗ ಇರ್ತವೆ. ಡೀಸೆಲ್, ಟೈರು, ಸವಕಳಿ ಭಾಗಗಳ ಖರ್ಚು ಗಾಡಿ ಓಡಿದರೆ ಮಾತ್ರ ಬರ್ತದೆ. ನೌಕರರ ಸಂಬಳ, ಡಿಪೊದ ಖರ್ಚು, ಸಾಲದ ಬಡ್ಡಿ, ಕಚೇರಿ ಖರ್ಚು ಗಾಡಿ ಓಡಲಿ ಬಿಡಲಿ ಬರ್ತಾನೇ ಇರ್ತದೆ. ಈಗ ಬರೇ ಲೆಕ್ಕ ತಿಳಿಯಲಿಕ್ಕಂತ ಅಂಕಿ ಇಟ್ಟುಕೊಳ್ಳೋಣ, ಇವು ಯಾವ ನಿಗಮದ ಅಂಕಿಯೂ ಅಲ್ಲ. ಒಂದು ಕಿಲೋಮೀಟರಿಗೆ ಒಟ್ಟು ಖರ್ಚು 60 ರೂಪಾಯಿ, ಅದರಲ್ಲಿ ಡೀಸೆಲ್, ಟೈರಿನದು 25. ಟಿಕೆಟ್ಟಿನಿಂದ ಬರುವ ಆದಾಯ 35. ಪುಸ್ತಕದಾಗ ಆ ರೂಟು ಕಿಲೋಮೀಟರಿಗೆ 25 ರೂಪಾಯಿ ಲುಕ್ಸಾನ. ಸರಿ, ರದ್ದು ಮಾಡಿದೆವು ಅನ್ರಿ. ಉಳಿಯೂದು ಎಷ್ಟು? ಡೀಸೆಲ್ಲಿನ 25. ಕಳಕೊಳ್ಳೂದು ಎಷ್ಟು? ಟಿಕೆಟ್ಟಿನ 35. ಅಂದರೆ ಲುಕ್ಸಾನದ ರೂಟು ಬಂದ್ ಮಾಡಿ ನಿಗಮ ಕಿಲೋಮೀಟರಿಗೆ ಮತ್ತೆ 10 ರೂಪಾಯಿ ಲುಕ್ಸಾನ ಮಾಡಿಕೊಂಡಿತು. ಉಳಿದ 35 ರೂಪಾಯಿ ಖರ್ಚು ಎಲ್ಲೂ ಹೋಗಲಿಲ್ಲ, ಬಾಜೂ ರೂಟಿನ ತಲಿ ಮ್ಯಾಲ ಬಿತ್ತು. ನಾಳೆ ಅದೂ ಲುಕ್ಸಾನದ ರೂಟು ಆಗ್ತದ. ನಾಡಿದ್ದು ಅದನ್ನೂ ಬಂದ್ ಮಾಡ್ತಾರ.

ಆದರೆ ಲೆಕ್ಕದವರು ಪೂರಾ ಸತ್ಯ ಹೇಳಬೇಕು. ಈ ಮಾತು ಎಲ್ಲ ರೂಟಿಗೂ ಹತ್ತೂದಿಲ್ಲ. ಡೀಸೆಲ್ ಖರ್ಚೂ ಹುಟ್ಟದ ರೂಟುಗಳು ಇದ್ದೇ ಇವೆ. ಇನ್ನೊಂದು, ಹತ್ತು ವರ್ಷದಾಗ ಬಸ್ಸು ಹಳೇದಾಗ್ತದ. ಡೀಸೆಲ್ ಕಳೆದು ಉಳಿದ ಆ 10 ರೂಪಾಯಿಯಿಂದ ಹೊಸ ಬಸ್ಸು ಬರೂದಿಲ್ಲ. ಅಲ್ಲಿಗೇ ಪ್ರಶ್ನೆ ಬಂದು ನಿಲ್ತದ: ಟಿಕೆಟ್ಟಿನಿಂದ ಹುಟ್ಟದ ಆ ರೊಕ್ಕ ಯಾರು ಕೊಡಬೇಕು? ಎಷ್ಟು ವರ್ಷಕ್ಕೆ ಕೊಡಬೇಕು? ಅದನ್ನು ತೀರ್ಮಾನ ಮಾಡುವಾಗ ನಮ್ಮನ್ನು ಕೇಳ್ತಾರೋ ಇಲ್ಲೋ?

ಕಾಯ್ದೆ ಏನು ಹೇಳ್ತದ ನೋಡೋಣ. ನಮ್ಮ ಬಹಳಷ್ಟು ಸಾರಿಗೆ ನಿಗಮಗಳು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಕೆಳಗೆ ಹುಟ್ಟಿದವು. ಅದರ 18ನೇ ಕಲಮು ಹೇಳ್ತದೆ, ನಿಗಮವು ದಕ್ಷವಾದ, ಸಾಕಷ್ಟು ಇರುವ, ಮಿತವ್ಯಯದ, ಸರಿಯಾಗಿ ಹೊಂದಿಸಿದ ಬಸ್ ಸೇವೆ ಕೊಡಬೇಕು ಅಂತ. 22ನೇ ಕಲಮು ಹೇಳ್ತದೆ, ನಿಗಮವು ವ್ಯಾಪಾರದ ತತ್ವದ ಮೇಲೆ ನಡೀಬೇಕು ಅಂತ. ಡಿಪೊದಾಗ ನಮಗೆ 22 ಮಾತ್ರ ಕೇಳಿಸಿದರು. 18 ಯಾರೂ ಕೇಳಿಸಲಿಲ್ಲ. ಎರಡೂ ಒಂದೇ ಕಾಯ್ದೆಯಾಗ ಅದಾವ. ಎರಡನ್ನೂ ಪಾಲಿಸಬೇಕಂದರೆ ನಡುವಿನ ಅಂತರಕ್ಕೆ ಸರಕಾರ ರೊಕ್ಕ ಹಾಕಲೇಬೇಕು.

ಸರಕಾರ ಹಾಕೂದಿಲ್ಲ ಅಂತೇನೂ ಅಲ್ಲ. ಮಹಾರಾಷ್ಟ್ರದಾಗ 2023ರ ಮಾರ್ಚ್ 17ರಿಂದ ಎಸ್‌ಟಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್ಟು. 75 ವರ್ಷ ದಾಟಿದವರಿಗೆ ಅದಕ್ಕಿಂತ ಮೊದಲೇ ಪುಕ್ಕಟೆ. ಕರ್ನಾಟಕದಾಗ 2023ರ ಜೂನ್ 11ರಿಂದ ಶಕ್ತಿ ಯೋಜನೆ. ತಮಿಳುನಾಡಿನ ಸಾಧಾರಣ ಟೌನ್ ಬಸ್ಸುಗಳಲ್ಲಿ 2021ರಿಂದಲೇ ಹೆಣ್ಣುಮಕ್ಕಳಿಗೆ ಪುಕ್ಕಟೆ. ತೆಲಂಗಾಣದಾಗ 2023ರ ಡಿಸೆಂಬರಿನಿಂದ. ಇದನ್ನೆಲ್ಲ ಕೆಲವರು ದಂಡ ಅಂತಾರ. ಪುಕ್ಕಟೆ ಕೊಟ್ಟು ನಿಗಮ ಮುಳುಗಸ್ತಾರ ಅಂತ ಬೈತಾರ. ನಾವು ಹಂಗ ಅನ್ನೂದಿಲ್ಲ. ಕೂಲಿಗೆ ಹೋಗುವ ಅವ್ವನ ಕೈಯಾಗ ದಿನಕ್ಕೆ ನಾಲ್ಕು ಕಾಸು ಉಳಿದರೆ ಅದು ದಂಡ ಹೆಂಗಾಗ್ತದ? ಆದರೆ ಒಂದು ಮಾತು ಖರೆ. ಟಿಕೆಟ್ಟಿನ ರೊಕ್ಕ ಬಿಡು ಅಂತ ಸರಕಾರ ಹೇಳಿದರೆ, ಆ ರೊಕ್ಕ ಸರಕಾರ ವೇಳೆಗೆ ಸರಿಯಾಗಿ ನಿಗಮಕ್ಕೆ ತುಂಬಬೇಕು. ತಡ ಆದರೆ ಮೊದಲು ಕತ್ತರಿ ಬೀಳೂದು ಪುಣೆ, ಮುಂಬೈ, ಬೆಂಗಳೂರಿನ ಬಸ್ಸಿಗಲ್ಲ. ತಾಲ್ಲೂಕಿನ ಕೊನೆ ಊರಿನ ಕೊನೆ ಫೇರಿಗೆ. ಅರ್ಧ ಟಿಕೆಟ್ಟು ಇದ್ದೂ ಬಸ್ಸೇ ಇಲ್ಲದಿದ್ದರೆ ಯಾವುದರ ಅರ್ಧ?

ಇನ್ನು ವರ್ಷಗಳ ಮಾತು. 2023ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಪಿಎಂ ಇ-ಬಸ್ ಸೇವಾ ಅನ್ನುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. 169 ನಗರಗಳಿಗೆ 10,000 ವಿದ್ಯುತ್ ಬಸ್ಸು. ಒಟ್ಟು ಅಂದಾಜು 57,613 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 20,000 ಕೋಟಿ. ಬಸ್ಸು ಓಡಿಸುವ ಖರ್ಚಿಗೆ 10 ವರ್ಷ ನೆರವು. ಈ 10 ವರ್ಷ ಅನ್ನೂದನ್ನು ನೆನಪಿಟ್ಟುಕೊಳ್ರಿ. ಸರಕಾರಕ್ಕೆ ಮನಸ್ಸಿದ್ದರೆ ಹತ್ತು ವರ್ಷದ ಮಾತು ಕೊಡಲಿಕ್ಕೆ ಬರ್ತದ ಅಂತ ಅದು ತೋರಿಸ್ತದ. ಆದರೆ ಅದು ಮುಖ್ಯವಾಗಿ ಮೂರು ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರಗಳಿಗೆ. ದೊಡ್ಡ ನಗರಗಳ ಮೆಟ್ರೋಕ್ಕೆ ದಶಕಗಟ್ಟಲೆ ಅವಧಿಯ ಸಾಲ ಸಿಗ್ತದ. ಹಳ್ಳಿ ಬಸ್ಸಿಗೆ ಮಾತ್ರ ಈ ವರ್ಷದ ಬಜೆಟ್ಟಿನಾಗ ಎಷ್ಟು ಸಿಕ್ಕಿತು ಅಂತ ನೋಡಿ ಮುಂದಿನ ವರ್ಷದ ಮಾತು. ನಮ್ಮ ಹುಡುಗಿಯ ಓದು ಎಷ್ಟು ವರ್ಷದ್ದು? ಹನ್ನೊಂದು, ಹನ್ನೆರಡು, ಮ್ಯಾಲ ಮೂರು ವರ್ಷ ಡಿಗ್ರಿ. ಐದು ವರ್ಷದ ಓದಿಗೆ ಒಂದು ವರ್ಷದ ಬಸ್ಸು ನಂಬಿ ಯಾವ ಅಪ್ಪ ಕಳಸ್ತಾನ?

ರೊಕ್ಕದ ಈ ಅಭದ್ರತೆ ನೌಕರರನ್ನೂ ಬಿಟ್ಟಿಲ್ಲ. ತೆಲಂಗಾಣದಾಗ 2019ರ ಅಕ್ಟೋಬರ್ 5ರಿಂದ ನಡೆದ ಮುಷ್ಕರ 50 ದಿನಕ್ಕೂ ಮಿಕ್ಕಿ ಎಳೀತು. ಮಹಾರಾಷ್ಟ್ರದಾಗ 2021ರ ಅಕ್ಟೋಬರ್ ಕೊನೆಗೆ ಶುರುವಾದದ್ದು 2022ರ ಏಪ್ರಿಲ್ ತನಕ ಹೋಯಿತು. ಎರಡೂ ಕಡೆ ದೊಡ್ಡ ಬೇಡಿಕೆ ಒಂದೇ: ನಿಗಮವನ್ನು ಸರಕಾರದಲ್ಲಿ ವಿಲೀನ ಮಾಡ್ರಿ. ಆಂಧ್ರಪ್ರದೇಶ 2020ರ ಜನವರಿ 1ರಿಂದ 50 ಸಾವಿರಕ್ಕೂ ಹೆಚ್ಚು ಸಾರಿಗೆ ನೌಕರರನ್ನು ಸರಕಾರಿ ನೌಕರರನ್ನಾಗಿ ತೊಗೊಂಡಿತು. ಅಲ್ಲಿ ಸಂಬಳದ ಭಾರ ಸರಕಾರದ ಮ್ಯಾಲ ಹೋಯಿತು. ವಿಲೀನ ಒಳ್ಳೇದೋ ಕೆಟ್ಟದ್ದೋ, ಅದು ಬೇರೆ ಚರ್ಚೆ. ನಮಗೆ ಬೇಕಾದ ಪಾಠ ಇಷ್ಟೇ: ಯಾವ ಖರ್ಚು ಯಾರ ಲೆಕ್ಕಕ್ಕೆ ಹೋಗಬೇಕು ಅನ್ನೂದು ದೇವರು ಬರೆದದ್ದಲ್ಲ. ಸರಕಾರ ತೀರ್ಮಾನ ಮಾಡಿದರೆ ಬದಲಾಗ್ತದ.

ಇಷ್ಟು ಎಲ್ಲ ಹಳ್ಳಿಗಳಿಗೂ ಸಂಬಂಧಿಸಿದ್ದು. ಗಡಿಯವರಿಗೆ ಇದರ ಮ್ಯಾಲ ಇನ್ನೊಂದು ಗಂಟು ಅದ.

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡಿಯ ಮಂದಿಗೆ ಬೀಗರು ಇಂಡಿ, ಅಫಜಲಪುರ, ಆಳಂದ, ವಿಜಯಪುರದಾಗ. ಕಾಲೇಜು, ದವಾಖಾನೆ, ಸಂತಿ ಆ ಕಡೆಯೂ ಅದಾವ, ಈ ಕಡೆಯೂ ಅದಾವ. ನಮ್ಮ ಬದುಕು ಗಡಿ ನೋಡಿ ನಡೆಯೂದಿಲ್ಲ. ಬಸ್ಸಿನ ರಿಯಾಯಿತಿ ಮಾತ್ರ ಗಡಿ ನೋಡ್ತದ. ಮಹಾರಾಷ್ಟ್ರದ ಅರ್ಧ ಟಿಕೆಟ್ಟು ಕರ್ನಾಟಕದ ಬಸ್ಸಿನಾಗ ನಡೆಯೂದಿಲ್ಲ. ಶಕ್ತಿ ಯೋಜನೆ ಕರ್ನಾಟಕದ ನಿವಾಸಿ ಹೆಣ್ಣುಮಕ್ಕಳಿಗೆ, ನಮ್ಮ ಅವ್ವನ ಆಧಾರ್ ಕಾರ್ಡಿನಾಗ ಸೊಲ್ಲಾಪುರ ಜಿಲ್ಲೆ ಅದ. ಅದೇ ಭಾಷೆ, ಅದೇ ತವರುಮನಿ, ಪೂರಾ ಟಿಕೆಟ್ಟು. 2025ರ ಜನವರಿ 5ರಿಂದ ಕರ್ನಾಟಕದಾಗ ಬಸ್ ದರ 15% ಏರಿತು. ಅದೇ ತಿಂಗಳ ಕೊನೆಗೆ ಮಹಾರಾಷ್ಟ್ರದಾಗೂ ಸುಮಾರು ಅಷ್ಟೇ ಏರಿತು. ಹೋಗೂದು ಒಂದು ರಾಜ್ಯದ ಬಸ್ಸಿಗೆ, ಬರೂದು ಇನ್ನೊಂದು ರಾಜ್ಯದ ಬಸ್ಸಿಗೆ ಅನ್ನುವ ನಮಗೆ ಒಂದೇ ತಿಂಗಳಾಗ ಎರಡೂ ಏಟು ಬಿದ್ದವು.

ಮುಂದಿನ ತಿಂಗಳು, ಫೆಬ್ರವರಿಯಲ್ಲಿ, ಬೆಳಗಾವಿ ತಾಲ್ಲೂಕಿನಾಗ ಭಾಷೆಯ ಹೆಸರಿನಲ್ಲಿ ಒಬ್ಬ ಕಂಡಕ್ಟರಿಗೆ ಹೊಡೆತ ಬಿತ್ತು. ಅದಾದ ಮ್ಯಾಲ ಎರಡೂ ರಾಜ್ಯಗಳ ನಡುವೆ ಬಸ್ಸುಗಳು ಕೆಲವು ದಿನ ನಿಂತವು. ಜಗಳ ಆಡಿದವರು ಬೇರೆ. ಸ್ಟ್ಯಾಂಡಿನಾಗ ಪೇಷಂಟ್ ಕರಕೊಂಡು ಕೂತವರು ಗಡಿ ಊರಿನವರು. ಅವರಲ್ಲಿ ಮರಾಠಿ ಮಂದಿಯೂ ಇದ್ದರು, ಕನ್ನಡ ಮಂದಿಯೂ ಇದ್ದರು. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ದವಾಖಾನೆ ನಂಬಿದ್ದ ಕಾಸರಗೋಡಿನವರು ಇದಕ್ಕಿಂತ ಕೆಟ್ಟ ದಿನ ಕಂಡಾರ. ಏನೇ ಆಗಲಿ, ಮೊದಲು ನಿಲ್ಲೂದು ಗಡಿ ದಾಟುವ ಬಸ್ಸು.

ಎರಡು ರಾಜ್ಯದ ನಡುವೆ ಎಷ್ಟು ಬಸ್ಸು ಓಡಬೇಕು ಅಂತ ಯಾರು ತೀರ್ಮಾನ ಮಾಡ್ತಾರ? ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಳ್ತಾವ. ನೀನು ನನ್ನ ಕಡೆ ಇಷ್ಟು ಕಿಲೋಮೀಟರ್ ಓಡಿಸು, ನಾನು ನಿನ್ನ ಕಡೆ ಅಷ್ಟೇ ಓಡಿಸ್ತೀನಿ ಅನ್ನೂದು ಅದರ ತಿರುಳು. ಉದಾಹರಣೆಗೆ, 2020ರ ಲಾಕ್‌ಡೌನ್ ನಂತರ ಆಂಧ್ರ, ತೆಲಂಗಾಣದ ನಡುವೆ ತಿಂಗಳುಗಟ್ಟಲೆ ಸರಕಾರಿ ಬಸ್ಸು ಓಡಲಿಲ್ಲ. ಕಾರಣ ರೋಗ ಅಷ್ಟೇ ಅಲ್ಲ, ಕಿಲೋಮೀಟರಿನ ಜಗ್ಗಾಟ. ಕೊನೆಗೆ ಆ ವರ್ಷ ನವೆಂಬರ್ 2ರಂದು ಒಪ್ಪಂದ ಆಯಿತು, ಎರಡೂ ಕಡೆ ಸುಮಾರು 1 ಲಕ್ಷ 61 ಸಾವಿರ ಕಿಲೋಮೀಟರ್ ಅಂತ ಸಮ ಮಾಡಿಕೊಂಡರು. ಎರಡೂ ಕಡೆ ತೆಲುಗೇ, ಭಾಷೆಯ ಜಗಳ ಅಲ್ಲೇ ಅಲ್ಲ. ಹಂಗಾಗಿ ಗಡಿ ಬಸ್ಸಿನ ಎಲ್ಲ ಕಷ್ಟಕ್ಕೂ ಭಾಷೆಯ ದ್ವೇಷವೇ ಕಾರಣ ಅಂತ ತಿಳೀಬ್ಯಾಡ್ರಿ. ಬಹಳ ಸಲ ಅದು ಲೆಕ್ಕದ ಪುಸ್ತಕದ ಜಗಳ. ಆ ಪುಸ್ತಕದಾಗ ಕಿಲೋಮೀಟರಿಗೆ ಒಂದು ಕಾಲಮ್ ಇರ್ತದ. ಬಸ್ಸಿಲ್ಲದೆ ಕಾಲೇಜು ಬಿಟ್ಟ ಹುಡುಗಿಗೆ ಕಾಲಮ್ ಇರೂದಿಲ್ಲ.

ಹಂಗಾರ ಆ ಕಾಲಮ್ ಹಾಕಿಸೂದು ಹೆಂಗ? ಇಲ್ಲಿ ಕಾಯ್ದೆಯಾಗ ಒಂದು ಬಾಗಿಲು ಅದ. ನಮ್ಮಾಗ ಬಹಳ ಮಂದಿಗೆ ಅದು ಗೊತ್ತೇ ಇಲ್ಲ, ನಮಗೂ ಇತ್ತೀಚಿನ ತನಕ ಗೊತ್ತಿರಲಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 88ನೇ ಕಲಮು, 5ನೇ ಉಪಕಲಮು. ಯಾವ ರೂಟಿಗೆ ಎಷ್ಟು ಪರ್ಮಿಟ್ಟು ಅಂತ ರಾಜ್ಯಗಳು ಒಪ್ಪಂದ ಮಾಡಿಕೊಳ್ಳುವ ಮೊದಲು ಆ ಪ್ರಸ್ತಾವವನ್ನು ಎರಡೂ ರಾಜ್ಯ ತಮ್ಮ ತಮ್ಮ ಗೆಜೆಟ್ಟಿನಲ್ಲಿ ಹಾಕಬೇಕು. ಅಷ್ಟೇ ಅಲ್ಲ, ಆ ರೂಟು ಹೋಗುವ ಪ್ರದೇಶದಲ್ಲಿ ಓದುವ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಹಾಕಬೇಕು. ಯಾವ ತಾರೀಖಿನೊಳಗೆ ಮನವಿ ಕೊಡಬೇಕು, ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಅದನ್ನು ವಿಚಾರ ಮಾಡ್ತಾರ ಅಂತ ತಿಳಿಸಬೇಕು. ಆ ವಿಚಾರಣೆಯ ದಿನ ಗೆಜೆಟ್ಟು ಬಂದ ಮ್ಯಾಲ 30 ದಿನಕ್ಕಿಂತ ಮುಂಚೆ ಇರಬಾರದು. ಅಂದರೆ ನಮ್ಮನ್ನು ಕೇಳಬೇಕು ಅಂತ ಕಾಯ್ದೆಯೇ ಹೇಳ್ಯಾದ. ನಾವು ಆ ಮೂವತ್ತು ದಿನದಾಗ ಎಂದಾದರೂ ಹೋಗಿ ಕೂತೀವೇನು? ಗೆಜೆಟ್ಟು ಯಾವಾಗ ಬಂತು, ಯಾವ ಪತ್ರಿಕೆಯ ಯಾವ ಮೂಲೆಯಾಗ ಬಂತು ಅಂತ ನೋಡೀವೇನು?

ಇದರಾಗ "ಪ್ರಾದೇಶಿಕ ಭಾಷೆ" ಅನ್ನುವ ಮಾತು ನಮ್ಮ ಕೈಗೆ ಸಿಗುವ ಎಳೆ. ಕನ್ನಡ ಪತ್ರಿಕೆ ಓದುವ ಮಂದಿ ಈ ಕಡೆಯೂ ಅದಾರ. ರೂಟು ನಮ್ಮ ಊರ ಮ್ಯಾಲಿಂದ ಹೋಗುವಾಗ ಆ ಪ್ರಕಟಣೆ ಮರಾಠಿ ಜೊತೆ ಕನ್ನಡ ಪತ್ರಿಕೆಯಲ್ಲೂ ಬರಲಿ ಅಂತ ನಾವು ಕೇಳಬಹುದು. ತಾಳವಾಡಿ, ಹೊಸೂರಿನವರು ಹಂಗೇ ಕೇಳಬಹುದು. ಆದೋನಿ, ರಾಯದುರ್ಗ, ಮಡಕಶಿರಾದವರೂ ಕೇಳಬಹುದು.

"ನಮಗ ಇಂಗ್ಲಿಷ್ ಬರೂದಿಲ್ಲ, ಮರಾಠಿಯಾಗ ಬರೀಲಿಕ್ಕೆ ಸರಿ ಆಗೂದಿಲ್ಲ" ಅಂತ ಹಿಂದೆ ಸರಿಯೂ ಹಂಗಿಲ್ಲ. ಸಂವಿಧಾನದ 350ನೇ ಅನುಚ್ಛೇದ ಹೇಳ್ತದ, ತನ್ನ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಅಧಿಕಾರಿಗೆ ಕೊಡಲಿಕ್ಕೆ ಪ್ರತಿಯೊಬ್ಬರಿಗೂ ಹಕ್ಕು ಅದ ಅಂತ. ಕನ್ನಡದಾಗ ಬರೀರಿ. ಜೊತೆಗೆ ಮರಾಠಿ ಅನುವಾದ ಒಂದು ಲಗತ್ತಿಸಿದರೆ ಕೆಲಸ ಲಗೂನ ಆಗ್ತದ, ಅದರಾಗ ಸಣ್ಣತನ ಏನಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಬೇರೆ. ಅದನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬೇಕು. ಎರಡನ್ನೂ ಕಲಸಿ ತಿರಸ್ಕಾರ ಮಾಡಿಸಿಕೊಳ್ಳಬ್ಯಾಡ್ರಿ. ಆದರೆ ಅದೇ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಇಲಾಖೆಗಳಿಗೂ ಹೇಳ್ತದ: ನೀತಿ ಮಾಡುವಾಗ ಜನರ ಸಲಹೆ ಪಡೆಯುವ ವ್ಯವಸ್ಥೆ ಏನದ ಅಂತ ಪ್ರಕಟ ಮಾಡ್ರಿ, ಮಾಹಿತಿ ಹಂಚುವಾಗ ಸ್ಥಳೀಯ ಭಾಷೆ ನೋಡ್ರಿ ಅಂತ.

ಇನ್ನೊಂದು ಹೋಲಿಕೆ. ಕರೆಂಟಿನ ದರ ಏರಿಸಬೇಕಂದರೆ 2003ರ ವಿದ್ಯುತ್ ಕಾಯ್ದೆ ಪ್ರಕಾರ ಆಯೋಗ ಜನರ ಸಲಹೆ, ಆಕ್ಷೇಪ ಕೇಳಿಯೇ ಆದೇಶ ಮಾಡಬೇಕು. ಕಂಪನಿ ತನ್ನ ಖರ್ಚಿನ ಲೆಕ್ಕ ಎದುರಿಗೆ ಇಡಬೇಕು, ರೈತ ಎದ್ದು ನಿಂತು ಪ್ರಶ್ನೆ ಕೇಳಬಹುದು. ಬಸ್ಸಿನ ದರ ಏರಿದ್ದು ಮಾತ್ರ ನಮಗೆ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟಾಗ ಗೊತ್ತಾಗ್ತದ. ಕರೆಂಟಿಗೆ ಬಂದದ್ದು ಬಸ್ಸಿಗೆ ಯಾಕ ಬರಬಾರದು? 1950ರ ಕಾಯ್ದೆಯ 17ನೇ ಕಲಮಿನಲ್ಲಿ ನಿಗಮಕ್ಕೆ ಸಲಹಾ ಮಂಡಳಿ ಮಾಡಲಿಕ್ಕೆ ಅವಕಾಶ ಅದ. ಅದರಾಗ ಗಡಿ ತಾಲ್ಲೂಕಿನ ಒಬ್ಬ ಪ್ರಯಾಣಿಕ ಯಾಕ ಕೂಡಬಾರದು?

ಈಗ ನಾವು ಏನು ಮಾಡಿದೆವು ಅಂತ ಹೇಳ್ತೀವಿ, ದೊಡ್ಡದೇನಲ್ಲ. ಮೊದಲನೇ ನಿವೇದನದಾಗ ನಾವು ಬರೆದದ್ದು: "ನಮ್ಮ ಊರಿಗೆ ಬಸ್ಸು ಬಿಡಬೇಕಾಗಿ ವಿನಂತಿ." ಕೆಳಗೆ ಸಹಿ ಬಹಳ ಇದ್ದವು. ಅದು ಫೈಲಿಗೆ ಹೋಯಿತು, ಫೈಲು ಕಪಾಟಿಗೆ ಹೋಯಿತು. ಎರಡನೇ ಸಲ ಹಂಗ ಮಾಡಲಿಲ್ಲ. ಒಂದು ವಾರ ಪಾಳಿ ಹಾಕಿಕೊಂಡು ನಸುಕಿನಾಗ ಫಾಟಾದಾಗ ನಿಂತೆವು. ಎಷ್ಟು ಕ್ರೂಸರ್, ಎಷ್ಟು ಟಂಟಂ ತುಂಬಿ ಹೋದವು, ಯಾರು ಎಲ್ಲಿಗೆ ಹೊಂಟಾರ, ಎಷ್ಟು ರೊಕ್ಕ ಕೊಡ್ತಾರ, ಯಾರು ಗಾಡಿ ಸಿಗದೆ ತಿರುಗಿ ಹೋದರು ಅಂತ ನೋಟ್‌ಬುಕ್ಕಿನಾಗ ಬರೆದೆವು. ಸಾಲಿಗೆ ಹೋಗಿ ಹತ್ತನೇ ಇಯತ್ತೆ ಪಾಸಾಗಿ ಮುಂದ ಓದದ ಮಕ್ಕಳ ಮನಿಗೆ ಹೋಗಿ ಕಾರಣ ಕೇಳಿ ಬರೆದೆವು. ಊರಿನ ಮರಾಠಿ ಮನಿಗಳವರೂ ಬಂದು ನಿಂತರು, ಅವರ ಮಕ್ಕಳೂ ಅದೇ ಫಾಟಾಕ್ಕೇ ನಡೀತಾವ. ಗ್ರಾಮಸಭೆಯ ಠರಾವು ಮಾಡಿಸಿದೆವು. ಮಾಹಿತಿ ಹಕ್ಕಿನಾಗ ಆ ರೂಟಿನ ಕಿಲೋಮೀಟರ್ ಆದಾಯ, ಡೀಸೆಲ್ ಖರ್ಚು, ಒಟ್ಟು ಖರ್ಚು ಬೇರೆ ಬೇರೆ ಮಾಡಿ ಕೇಳಿದೆವು. ಅಂಕಿ ಬಂದ ಮ್ಯಾಲ ನಮ್ಮ ನಿವೇದನ ಬರೇ ವಿನಂತಿ ಆಗಿ ಉಳಿಯಲಿಲ್ಲ.

ಈ ಸಲವೂ ಸಾಹೇಬರು ಚಹಾ ಕೊಟ್ಟರು. ಆದರೆ ಪುಸ್ತಕ ತರಿಸಿದರು. ಮುಂಜಾನೆ ಏಳಕ್ಕೆ ಒಂದು ಫೇರಿ ಪ್ರಾಯೋಗಿಕ ಅಂತ ಶುರುವಾಯಿತು. ವಸ್ತಿ ಬಸ್ಸು ಕೇಳಿದ್ದಕ್ಕೆ ಅವರು ಖರೆ ಖರೆ ಹೇಳಿದರು: "ಗಾಡಿ ಹಳೇವು, ಮಂದಿ ಕಡಿಮಿ. ನನ್ನ ಕೈಯಾಗ ಇದ್ದದ್ದು ನಾ ಮಾಡೀನಿ. ಮುಂದಿನದು ಮ್ಯಾಲಿನವರ ರೊಕ್ಕದ ಮಾತು." ಆ ಮನುಷ್ಯನ ಮ್ಯಾಲ ನಮಗೆ ಸಿಟ್ಟು ಇಲ್ಲ. ಡಿಪೊದ ಬಾಗಿಲಿಗೆ ಧರಣಿ ಕೂತರೆ ಸಿಗೂದು ಒಂದು ಫೇರಿ. ವಸ್ತಿ ಬಸ್ಸು ಐದು ವರ್ಷ ನಿಲ್ಲದೆ ಬರಬೇಕಂದರೆ ಬಜೆಟ್ಟಿನ ಬಾಗಿಲು ಬಡೀಬೇಕು.

ಬಜೆಟ್ಟಿನ ಮುಂಚೆ ಸರಕಾರಗಳು ಸಲಹೆ ಕೇಳ್ತಾವ. ಶಾಸಕರು, ಸಂಸದರು, ಜಿಲ್ಲಾ ಯೋಜನಾ ಸಮಿತಿ, ಭಾಷಾ ಅಲ್ಪಸಂಖ್ಯಾತರ ಅಹವಾಲು ನೋಡುವ ವಿಶೇಷ ಅಧಿಕಾರಿ, ಎಲ್ಲರಿಗೂ ಒಂದೇ ಕಾಗದ ಹೋಗಲಿ. ಅದರಾಗ ಏನು ಕೇಳಬೇಕು? ನಮ್ಮ ಲೆಕ್ಕಕ್ಕೆ ತೋಚಿದ್ದು ಐದು ಮಾತು. ಒಂದು, ಲುಕ್ಸಾನವಾದರೂ ಬೇಕೇ ಬೇಕಾದ ರೂಟುಗಳ ಪಟ್ಟಿ ಮಾಡಿ, ಅದರ ಅಂತರ ತುಂಬಲಿಕ್ಕೆ ಬಜೆಟ್ಟಿನಾಗ ಬೇರೆ ಬಾಬತ್ತು ಇಟ್ಟು, ಕನಿಷ್ಠ ಐದು ವರ್ಷಕ್ಕೆ ಮಾತು ಕೊಡ್ರಿ. ಎರಡು, ರಿಯಾಯಿತಿಯ ರೊಕ್ಕ ತಿಂಗಳು ತಿಂಗಳು ನಿಗಮಕ್ಕೆ ತುಂಬ್ರಿ, ಎಷ್ಟು ಬಾಕಿ ಅದ ಅಂತ ಜನರಿಗೆ ತೋರಸ್ರಿ. ಮೂರು, ಗಡಿಯ ಎರಡೂ ಕಡೆಯ ತಾಲ್ಲೂಕುಗಳಲ್ಲಿ ವಿದ್ಯಾರ್ಥಿ ಪಾಸು, ಹೆಣ್ಣುಮಕ್ಕಳ ರಿಯಾಯಿತಿ ಎರಡೂ ರಾಜ್ಯದ ಬಸ್ಸಿನಾಗ ನಡೆಯುವಂಗ ಒಪ್ಪಂದ ಮಾಡಿಕೊಳ್ರಿ, ಲೆಕ್ಕ ನಿಮ್ಮ ನಿಮ್ಮಲ್ಲಿ ಹೊಂದಿಸಿಕೊಳ್ರಿ. ನಾಲ್ಕು, ಒಪ್ಪಂದದ ಪ್ರಕಟಣೆ ಕನ್ನಡ ಪತ್ರಿಕೆಯಲ್ಲೂ ಬರಲಿ, ವಿಚಾರಣೆ ಮುಂಬೈಯಾಗ ಅಲ್ಲ, ತಾಲ್ಲೂಕಿನಾಗ ನಡೀಲಿ. ಐದು, ಜಗಳ ಆದಾಗ ಬಸ್ಸು ನಿಲ್ಲಿಸಿದರೆ ದವಾಖಾನೆ, ಪರೀಕ್ಷೆಗೆ ಹೋಗುವವರಿಗೆ ಬೇರೆ ವ್ಯವಸ್ಥೆ ಮೊದಲೇ ಬರೆದಿಟ್ಟುಕೊಳ್ರಿ.

"ಇಷ್ಟೆಲ್ಲ ರೊಕ್ಕ ಎಲ್ಲಿಂದ ಬರಬೇಕು?" ಅಂತ ಯಾರಾದರೂ ಕೇಳ್ತಾರ. ಕೇಳಬೇಕಾದ ಪ್ರಶ್ನೆನೇ. ನಮ್ಮ ಉತ್ತರ ಇದು. ಫ್ಲೈಓವರ್ ಕಟ್ಟಿದಾಗ ಅದರ ಕಿಲೋಮೀಟರ್ ಆದಾಯ ಎಷ್ಟು ಅಂತ ಯಾರೂ ಕೇಳೂದಿಲ್ಲ. ಹಳ್ಳಿ ರಸ್ತೆಗೆ ಡಾಂಬರು ಹಾಕುವಾಗಲೂ ಲುಕ್ಸಾನ ಅನ್ನೂದಿಲ್ಲ, ಅದು ಬೇಕು ಅಂತ ಹಾಕ್ತಾರ. ಅದೇ ರಸ್ತೆ ಮ್ಯಾಲ ಓಡುವ ಬಸ್ಸಿಗೆ ಮಾತ್ರ ಲಾಭ ಕೇಳ್ತಾರ. ಬೈಕು ಇದ್ದವರಿಗೆ ರಸ್ತೆ ಸಾಕು. ಬೈಕು ಇಲ್ಲದವರಿಗೆ, ಬೈಕು ಹೊಡೀಲಿಕ್ಕೆ ಬಿಡದ ಮನಿಯ ಹುಡುಗಿಗೆ, ಕಣ್ಣು ಮಂಜಾದ ಮುತ್ಯಾಗೆ ಬಸ್ಸೇ ರಸ್ತೆ.

ಬೇರೆ ಗಡಿಯ ಗೆಳೆಯರು ಇದನ್ನು ಓದ್ತೀರಿ. ನಿಮ್ಮ ನಿಮ್ಮ ರೂಟಿನ ಗಂಟು ಬೇರೆ ಇರ್ತದ. ತಾಳವಾಡಿಯವರು ಸತ್ಯಮಂಗಲಕ್ಕೆ ಹೋಗಬೇಕಂದರೆ ದಿಂಬಂ ಘಾಟಿನ 27 ತಿರುವು ಇಳೀಬೇಕು. ವಯನಾಡಿನವರಿಗೆ 2009ರಿಂದ ಬಂಡೀಪುರದ ದಾರಿ ರಾತ್ರಿ ಬಂದ್, ಅಲ್ಲಿ ಕಾಡುಪ್ರಾಣಿಯ ಜೀವದ ಮಾತೂ ಅದ. ಕಾಸರಗೋಡಿನವರಿಗೆ ಮಂಗಳೂರು ಬಸ್ಸು ಎರಡೂ ರಾಜ್ಯದ್ದು ಸಿಗ್ತದ, ಒಳಗಿನ ಊರುಗಳ ಕತೆ ನೀವೇ ಹೇಳಬೇಕು. ಒಂದೇ ಕಾಗದ ಎಲ್ಲರಿಗೂ ಹೊಂದೂದಿಲ್ಲ. ಆದರೆ ನೋಟ್‌ಬುಕ್ಕು, ಪೆನ್ನು ಎಲ್ಲರ ಹಂತ್ಯಾಕೂ ಅದಾವ.

ಮುಗಸ್ತೀವಿ. ಇಲ್ಲಿ ಕೂತ ತಮ್ಮಂದಿರು, ತಂಗಿಯರು ಈ ವಾರದಾಗ ಒಂದೇ ಕೆಲಸ ಮಾಡ್ರಿ. ನಿಮ್ಮ ಊರಿಗೆ ಹಿಂದ ಬರ್ತಿದ್ದ, ಈಗ ನಿಂತ ಬಸ್ಸಿನ ಹೆಸರು, ಹೊತ್ತು, ನಿಂತ ವರ್ಷ ಬರೀರಿ. ಅದರ ಕೆಳಗ ಆ ಬಸ್ಸು ನಿಂತದ್ದಕ್ಕ ಓದು ಬಿಟ್ಟವರು, ಕೂಲಿ ಬಿಟ್ಟವರು, ದವಾಖಾನೆಗೆ ವೇಳೆಗೆ ಮುಟ್ಟದವರು ಎಷ್ಟು ಮಂದಿ ಅಂತ ಬರೀರಿ. ಗೊತ್ತಿಲ್ಲದ್ದು ಬರೀಬ್ಯಾಡ್ರಿ, ಹೆಚ್ಚು ಮಾಡಿ ಬರೀಬ್ಯಾಡ್ರಿ. ಬರೇ ಖರೆ ಬರೆದರೂ ಸಾಕಷ್ಟು ಅದ.

ಆ ಹುಡುಗಿಗೆ ಏಳರ ಫೇರಿ ಬರೂದ್ರಾಗ ತಡ ಆಗಿತ್ತು. ಈಗ ಅದೇ ಬಸ್ಸಿಗೆ ಅವಳ ತಂಗಿ ಹತ್ತತಾಳ, ಹನ್ನೊಂದನೇ ಇಯತ್ತೆ. ಬಸ್ಸಿನ ಬೋರ್ಡಿನಾಗ ಇನ್ನೂ "ಪ್ರಾಯೋಗಿಕ" ಅಂತನೇ ಅದ. ಅವಳ ಡಿಗ್ರಿ ಮುಗಿಯೂ ತನಕ ಆ ಬಸ್ಸು ನಿಲ್ಲದಂಗ ನೋಡಿಕೊಳ್ಳೂದು ನಮ್ಮ ಕೆಲಸ.